ವಿಮಾನದ ಸೀಮೆಎಣ್ಣೆ

ಕೊಳ್ಳೇಗಾಲ
೧೪-೯-೨೦೨೫, ಭಾನುವಾರ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಮಗಳು ಲಿಖಿತಾಳಿಗೆ,

ಅಮ್ಮನ ತುಂಬು ಮನಸ್ಸಿನ ಆಶೀರ್ವಾದಗಳು. ಫೋನು ಮಾಡಿದರೆ ಹೂಂ, ಉಹೂಂ ಅಂತ ಎರಡು ಮಾತಾಡಿ ಇಟ್ಟುಬಿಡುತ್ತೀಯ. ಕಾಗದವಾದರೆ ನಡುವೆ ಬಾಯಿ ಹಾಕುವುದಕ್ಕಾಗುವುದಿಲ್ಲ ನೋಡು, ಅದಕ್ಕೇ ಬರೆಯುತ್ತಿದ್ದೇನೆ.

ಧಾರೆ ಸೀರೆ ಅಂಗಡಿಯಲ್ಲೇ ತಗೋ, ನಾನು ನೇಯುವುದಿಲ್ಲ ಅಂತ ಮೇ ತಿಂಗಳಲ್ಲಿ ಅಂದೆನಲ್ಲ, ಅದು ನಿನಗೆಷ್ಟು ನೋವಾಯಿತು ಅಂತ ಗೊತ್ತು. ನಮ್ಮ ನೇಕಾರರ ಮನೆಯಲ್ಲಿ ಮಗಳ ಧಾರೆ ಸೀರೆಯನ್ನು ತಾಯಿ ನೇಯದೆ ಇರುವುದುಂಟೆ? ಹುಡುಗ ಮಾಂಬಳ್ಳಿಯ ಬೇಸಾಯದವರ ಮನೆಯವನು, ಬೇರೆ ಜಾತಿ, ಅದಕ್ಕೇ ಅಮ್ಮನಿಗೆ ಶಿವಕುಮಾರಸ್ವಾಮಿ ಹಿಡಿಸಿಲ್ಲ ಅಂತ ನೀನೇ ತೀರ್ಮಾನ ಮಾಡಿಬಿಟ್ಟೆ. ನಾನೂ ಬಾಯಿ ಬಿಡಲಿಲ್ಲ. ಈಗ ಬಿಡುತ್ತೇನೆ. ನನ್ನ ಕೈ ಹೋಗಿತ್ತು ಕಣೇ.

ಯುಗಾದಿಯಿಂದಲೇ ಬೆರಳೆಲ್ಲ ಬಿರುಕು. ರೇಷ್ಮೆ ಎಳೆ ಮುಟ್ಟಿದರೆ ಸಾಕು, ಒರಟು ಚರ್ಮಕ್ಕೆ ಸಿಕ್ಕಿ ಎದ್ದುಬರುತ್ತಿತ್ತು. ನಿಮ್ಮಪ್ಪನಿಗೆ ತೋರಿಸಿದರೆ "ಸಾಕು ಬುಡು, ಮಗ್ಗ ಬಿಚ್ಚಾಕ್ಬುಡಾನ" ಅಂದುಬಿಡುತ್ತಾರೆ. ನಿನಗೆ ಹೇಳಿದರೆ ಓದು ಬಿಟ್ಟು ಓಡಿ ಬರುತ್ತೀಯ. ಮದುವೆಯಾಗಿ ಬಂದ ವರ್ಷ ಕೂತ ಮಗ್ಗ, ಅದನ್ನು ಬಿಟ್ಟು ನಾನೇನು ಮಾಡಲಿ? ಕೈಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಓಡಾಡಿದೆ.

ಜೂನಿನಲ್ಲಿ ಮೈಸೂರಿಗೆ, ನಿನ್ನ ಪಿಎಚ್‌ಡಿ ಕೆಲಸದ ಭಾಷಣಕ್ಕೆ ಕರೆದೆ. ಮುನಿಸಿನಲ್ಲೂ ಕರೆದೆಯಲ್ಲ, ನನ್ನ ಬಂಗಾರ! ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಮ್ಮಪ್ಪನದು ಒಂದೇ ರಾಗ: "ಸೆಲ್ಲು ಅಂದ್ರೆ ಟಾರ್ಚಿಗೆ ಆಕೋದಲ್ವಾ? ಅದುಕ್ಕೆ ಇವ್ಳು ಇಮಾನದ ಎಣ್ಣೆ ಯಾಕ್ ಉಯ್ತಾಳೆ?" ಮುಂದಿನ ಸೀಟಿನವರು ತಿರುಗಿ ನೋಡಿ ನಕ್ಕರು.

ನೀನು ಪರದೆಯ ಮೇಲೆ ಮನುಷ್ಯರ ಚರ್ಮದ ಸೆಲ್ಲುಗಳನ್ನು ತೋರಿಸಿದೆ. ಮೊದಲು ಒಂದಕ್ಕೊಂದು ಒತ್ತಿಕೊಂಡು ಚೆನ್ನಾಗಿದ್ದವು. ವಿಮಾನದ ಇಂಧನ ತಾಗಿದ ಮೇಲೆ ಮುದುಡಿ, ಒಂದನ್ನೊಂದು ಬಿಟ್ಟು, ಸತ್ತೇ ಹೋಗಿದ್ದವು. ಆ ಇಂಧನ ಮತ್ತೆ ಮತ್ತೆ ತಾಗಿದರೆ ಕೈ ಕೆಂಪಾಗಿ, ಒಣಗಿ ಬಿರಿಯುತ್ತದೆ ಅಂದೆ. ಇದೇನು ದೂರದ ಮಾತಲ್ಲ, ವಿಮಾನದ ಇಂಧನ ಅಂದರೆ ಹೆಚ್ಚುಕಮ್ಮಿ ನಮ್ಮ ಸೀಮೆಎಣ್ಣೆಯೇ ಅಂತಲೂ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಮಾತ್ರ ಸೆರಗು ಸರಿಸಿ ನನ್ನ ಕೈಯನ್ನೇ ನೋಡಿಕೊಂಡೆ.

ಯಾಕೆ ಗೊತ್ತಾ? ಮಗ್ಗದ ಮೇಲೆ ಸೀರೆಗೆ ಹೂವು ಎತ್ತುವ ಜಕಾರ್ಡು ಯಂತ್ರಕ್ಕೆ ಎಣ್ಣೆ ಬಿಟ್ಟು ಕೈ ಕರ್ರಗಾದಾಗ, ರೇಷ್ಮೆಗೆ ಕರೆ ಹತ್ತಬಾರದು ಅಂತ ಸೀಮೆಎಣ್ಣೆ ಬಟ್ಟೆಯಿಂದ ಕೈ ಉಜ್ಜುವುದು ನಮ್ಮತ್ತೆ ಕಲಿಸಿದ್ದು. ರೇಷನ್ನಿನಲ್ಲಿ ನಿಂತುಹೋದ ಮೇಲೂ ಅವರಿವರನ್ನು ಕಾಡಿ ಬೇಡಿ ತರಿಸುತ್ತಿದ್ದೆ. ಬಿರುಕು ಬಿಟ್ಟ ಮೇಲಂತೂ ಇನ್ನೂ ಜಾಸ್ತಿ ಉಜ್ಜಿದೆ. ಉರಿಯುತ್ತಿದೆ ಅಂದರೆ ವಾಸಿಯಾಗುತ್ತಿದೆ ಅಂದುಕೊಂಡೆ! ಎಂಥ ಪೆದ್ದಿ ನಿಮ್ಮಮ್ಮ.

ಅಲ್ಲೇ ನಿನ್ನ ಕೈ ಹಿಡಿದು ಹೇಳಿಬಿಡೋಣ ಅನ್ನಿಸಿತು. ವಾಸಿಯಾಗದೇ ಹೋದರೆ ಅಂತ ಹೆದರಿ ಸುಮ್ಮನಾದೆ. ಮಾರನೇ ದಿನವೇ ಸೀಮೆಎಣ್ಣೆ ಡಬ್ಬ ಮನೆಯಿಂದಾಚೆ. ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು, ಮಗಳು ಹೇಳಿದ್ದು ಸರಿ ಅಂದರು. ಈಗ ಕೈ ಕರ್ರಗಾದರೆ ಕೊಬ್ಬರಿ ಎಣ್ಣೆ, ಮೇಲೆ ಕಡಲೆಹಿಟ್ಟು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಕೈಯಾಡಿಸಿದೆ. ಒಂದೇ ಒಂದು ಎಳೆ ಹಿಡಿಯಲಿಲ್ಲ ಕಣೇ! ಕಿರುಚಿ ಕುಣಿದುಬಿಟ್ಟೆ. ನಿಮ್ಮಪ್ಪ ಬಚ್ಚಲಿಂದ ಓಡಿ ಬಂದು "ಏನಾಯ್ತಮ್ಮಿ, ಚೇಳ್ ಕಡೀತಾ?" ಅಂದರು. ಎಲ್ಲ ಹೇಳಿದೆ. ಬೈದರು, ಆಮೇಲೆ ಕಣ್ಣೊರೆಸಿಕೊಂಡರು. ಪಕ್ಕದ ಮನೆ ಸುವರ್ಣಮ್ಮನೂ ತನ್ನ ಡಬ್ಬ ಎಸೆದಳು. ನಿನ್ನ ಪಿಎಚ್‌ಡಿ ನಮ್ಮ ಬೀದಿಗೂ ಬಂತು ನೋಡು.

ನಿನ್ನೆ ನಿನ್ನ ಧಾರೆ ಸೀರೆ ಮಗ್ಗದಿಂದ ಇಳಿಯಿತು. ಹಾಲುಬಣ್ಣದ ಒಡಲು, ಕೆಂಪಂಚು. ಕೋಪ ಸಾಕು, ನಿನ್ನ ಹುಡುಗನನ್ನೂ ಕರಕೊಂಡು ಬಂದು ನೋಡು.

ಹೋದ ಕೈ ಬಂದ ಸಂಭ್ರಮದಲ್ಲಿರುವ
ನಿನ್ನ ಅಮ್ಮ,
ವಸಂತಮ್ಮ

ಹೇಳುವುದು ಮರೆತೆ: ಸೀರೆಯಲ್ಲಿ ಸೊಂಟಕ್ಕೆ ಸಿಕ್ಕಿಸುವ ಒಳತುದಿ ಒಂದು ಗೇಣು ಒರಟಾಗಿದೆ, ಎಳೆಗಳು ಎದ್ದಿವೆ. ನೀನು ಮೊದಲ ಸಲ ಶಿವಕುಮಾರಸ್ವಾಮಿಯ ಹೆಸರು ಹೇಳಿದೆಯಲ್ಲ, ಅವತ್ತೇ ಸಂಜೆ ನಿನ್ನ ಧಾರೆಗೆ ಅಂತ ಆ ಬಿರುಕು ಕೈಯಲ್ಲೇ ಕೂತು ನೇಯ್ದದ್ದು ಅದು. ಅಷ್ಟಕ್ಕೇ ಕೈ ಸೋತಿತು. ಆ ಒಂದು ಗೇಣನ್ನು ನಾನು ಕತ್ತರಿಸಿಲ್ಲ, ನೀನೂ ಕತ್ತರಿಸಬೇಡ.