ಅಷ್ಟಮಿ, ಚತುರ್ದಶಿಗಷ್ಟ ನೋಡಿದ ಚಿಕ್ಕಿ

ಕಾಗವಾಡ
೨೭ ಡಿಸೆಂಬರ್ ೨೦೨೪

ತಂಗಿ ಮಯೂರಿಗೆ ಅಕ್ಕನ ಜೈ ಜಿನೇಂದ್ರ.

ನಾವೆಲ್ಲ ಆರಾಮ ಅದೀವಿ ಅಂತ ಬರೀಬೇಕು, ಆದ್ರ ಇಲ್ಲ. ನಿನ್ನ ಮೂರು ಮೆಸೇಜಿಗೆ ಉತ್ತರ ಕೊಡಲಿಲ್ಲ, ತಪ್ಪು ತಿಳ್ಕೋಬ್ಯಾಡ. ತಿಳ್ಕೊಂಡ್ರೂ ತಿಳ್ಕೋ, ಸಿಟ್ಟು ಅಷ್ಟು ಬಂದಿತ್ತು. ಫೋನಿನಾಗ ಹೇಳಾಕ ಹೋದ್ರ ನೀ ನಡುವ ಬಾಯಿ ಹಾಕತಿ, ಅದಕ್ಕ ಕಾಗದ. ನಾಳಿ ಬಾಜೂ ಮನಿ ಕುಣಾಲ ಪುಣೆಕ್ಕ ಹೊಂಟಾನ, ಅವನ ಕೈಯಾಗ ಕೊಡತೀನಿ.

ಮಂಜು ಬಿದ್ದು ದ್ರಾಕ್ಷಿಗೆ ದಿನಾ ಔಷಧಿ ಹೊಡ್ಯಾಕತ್ತಾರ. ಎಮ್ಮಿ ಕರಾ ಹಾಕೇತಿ. ಸುದ್ದಿ ಇಷ್ಟ. ಇನ್ನ ಕೇಳು.

ಎರಡು ವರ್ಷದ ಹಿಂದ ದಸರಾಕ್ಕ ಬಂದಾಗ ಅವ್ವನ್ನ ಮಾಳಿಗಿ ಮ್ಯಾಲೆ ಕರಕೊಂಡು ಹೋಗಿ ಉತ್ತರದ ಆಕಾಶದಾಗ ಮಿನಗೂ ಆ ಚಿಕ್ಕಿ ತೋರಿಸಿದಾಕಿ ನೀನ. "ಅವ್ವಾ, ಇದು ಉಬ್ಬತೈತಿ, ಕುಗ್ಗತೈತಿ. ಬಾಜೂಕಿನ ಎರಡು ಚಿಕ್ಕಿಗಿಂತ ಬೆಳಕು ಹೆಚ್ಚೋ ಕಡಿಮೋ ಅಂತ ಒಂದು ವಹ್ಯಾಗ ಬರದಿಡು. ಗ್ಯಾಲಕ್ಸಿಗಳ ದೂರ ನಾ ಅಳಿಯೂದು ಇಂಥಾ ಚಿಕ್ಕಿ ಹಿಡದ" ಅಂದಿ. ಅವ್ವಗ ಏನ ಖುಷಿ! "ನಾನೂ ಮಯೂರಿ ಕೆಲಸಾ ಮಾಡಾಕತ್ತೇನಿ" ಅಂತ ಓಣಿ ತುಂಬ ಹೇಳ್ಕೊಂಡು ತಿರಗಿದ್ಲು.

ಯಾವ ಯಾವ ದಿನ ನೋಡತಿ ಅಂತ ಒಂದ ಮಾತು ಕೇಳಿದೇನ? ದಿನಾ ಹೈನ, ಅಡಗಿ, ಮುಸರಿ ಮುಗಸೂದ್ರಾಗ ಆಕಿ ಸೊಂಟ ಬಿದ್ದಿರತೈತಿ. ಅಷ್ಟಮಿ, ಚತುರ್ದಶಿಗೆ ಉಪಾಸ. ಆವತ್ತ ನಾ ಆಕಿನ್ನ ಒಲಿ ಹತ್ರ ಬಿಡೂದಿಲ್ಲ. ಆವತ್ತಷ್ಟ ಮಾಳಿಗಿ ಹತ್ತತಿದ್ಲು. ತಿಂಗಳಿಗೆ ನಾಕ ಸಲ. ಐದು ದಿನಾ ಚಿಲ್ಲರದಾಗ ಒಂದು ಸುತ್ತು ಮುಗಸೂ ಚಿಕ್ಕಿನ್ನ ಏಳೆಂಟು ದಿನಕ್ಕೊಮ್ಮೆ ನೋಡಿದ್ರ ಏನಾಗತೈತಿ? ನಡುವಿನ ಏರಿಳಿತ ತಪ್ಪಿ, ವಹ್ಯಾಗಿನ ಲೆಕ್ಕದಾಗ ಇಪ್ಪತ್ತು ದಿನದ ಸುತ್ತು ಅಂತ ಬಂತು. ಸುತ್ತು ಉದ್ದ ಆದಷ್ಟು ಚಿಕ್ಕಿಯ ಖರೇ ಬೆಳಕು ಹೆಚ್ಚು. ಅಷ್ಟು ಬೆಳಕಿಂದು ಇಷ್ಟು ಮಂಕು ಕಾಣಬೇಕಂದ್ರ ಬಾಳ ದೂರ ಇರಬೇಕು. ಹಂಗ ದೂರ ಎರಡು ಪಟ್ಟು ಆತು. ನಾನೂ ಸಾಲ್ಯಾಗ ವಿಜ್ಞಾನ ಹೇಳಾಕಿ, ನನಗೂ ತಿಳಿತೈತಿ. ತಪ್ಪು ಹೌದು, ನಾ ಇಲ್ಲ ಅನ್ನೂದಿಲ್ಲ.

ಆದ್ರ ಹೇಳೂ ರೀತಿ ಅದೇನ? ಮೊನ್ನೆ ಚಿಕ್ಕೋಡಿ ಕಾಲೇಜಿನಾಗ ನಿನ್ನ ಭಾಷಣ ಇತ್ತು, ಅವ್ವನ ವಹಿ ಪರದೆ ಮ್ಯಾಲೆ ತೋರಸತೀನಿ ಅಂದಿದ್ದಿ. ಆಕಿ ಹೊಸಾ ಇಳಕಲ್ ಸೀರಿ ಉಟ್ಟು ಮುಂದಿನ ಸಾಲಿನಾಗ ಕುಂತಿದ್ಲು. ತೋರಿಸಿದಿ, ಖರೆ. ವಹ್ಯಾಗಿನ ತಾರೀಖಿಗೆ ಬೆರಳು ಮಾಡಿ "ಉಪವಾಸದ ದಿನಾ ನೋಡಿ ಆಕಾಶ ಅಳದ್ರ ಹಿಂಗಾಗತೈತಿ" ಅಂತ ಮಂದಿನ್ನ ನಗಸಿದಿ. ಇಷ್ಟು ಓದಿ ಕಲತದ್ದು ಇದನ್ನೇನ ಮಾರಾಯ್ತಿ?

ತಿರುಗಿ ಬರೂ ಬಸ್ಸಿನಾಗ ಅವ್ವ ಒಂದ ಮಾತು ಆಡಿದ್ಲು: "ನನ್ನ ಉಪಾಸದಿಂದ ಪೋರಿ ಕೆಲಸಾ ಕೆಡ್ತಲ್ಲ." ಕಳದ ಅಷ್ಟಮಿಗೆ ರೊಟ್ಟಿ ಬಡದು, ತಾನ ತಾಟು ಹಾಕ್ಕೊಂಡು ಉಂಡ್ಲು. ನಲವತ್ತೊಂದು ವರ್ಷದಾಗ ಮೊದಲನೇ ಸಲ.

"ಇವತ್ತ ಅಷ್ಟಮಿ ಅಲ್ಲಬೇ?" ಅಂದೆ.

"ಗೊತ್ತೈತಿ. ಇನ್ನ ದಿನಾ ನೋಡತೀನಿ. ಉಪಾಸ ಸಾಕು" ಅಂದ್ಲು. ಈಗ ದಿನಾ ಮೊಣಕಾಲ ಹಿಡಕೊಂಡು ಮ್ಯಾಲೆ ಹತ್ತಾಕತ್ತಾಳ.

ನಾಡಿದ್ದು ಚತುರ್ದಶಿ. ಅಷ್ಟ್ರಾಗ ಅವ್ವಗ ಫೋನ್ ಮಾಡಿ, "ತಪ್ಪು ನಿನ್ನ ಉಪಾಸದ್ದಲ್ಲಬೇ, ಸರಿಯಾಗಿ ಹೇಳಿಕೊಡದ ನಂದು" ಅನ್ನು. ನಾ ಹೇಳಿ ಹೇಳಿ ಸಾಕಾದೆ. ಆಕಿ ಕೇಳೂದು ನಿನ್ನ ಮಾತಷ್ಟ.

ಹೊತ್ತಿಗೆ ಸರಿಯಾಗಿ ಉಣ್ಣು, ಥಂಡ್ಯಾಗ ಕಿವಿ ಮುಚ್ಚಿಕೊಂಡು ತಿರಗು. ಸಿಟ್ಟು ಎಷ್ಟಿದ್ರೂ ನಿನಗ ಒಳ್ಳೇದಾಗ್ಲಿ ಅಂತನ ಬೇಡತೀನಿ.

ನಿನ್ನ ಅಕ್ಕ,
ಸ್ನೇಹಲ

ತಾ.ಕ.: ಆ ವಹ್ಯಾಗಿನ ಅಕ್ಷರ ಯಾರದು ಅಂತ ನೀ ನೋಡಲೂ ಇಲ್ಲ. ಅವ್ವ ನೋಡಿ ಹೇಳತಿದ್ಲು, ಬರಕೋತಿದ್ದಾಕಿ ನಾನು. ಏಳೆಂಟು ದಿನದ ಅಂತರಕ್ಕ ಈ ಲೆಕ್ಕ ಹತ್ತೂದಿಲ್ಲ ಅಂತ ಎರಡನೇ ತಿಂಗಳಿಗೆ ನನಗ ತಿಳದಿತ್ತು. ಸುಮ್ಮನಿದ್ದೆ. ನೀ ಓದಲಿ ಅಂತ ಎಂ.ಎಸ್ಸಿ. ನಡುವ ಬಿಟ್ಟು ಬಂದಾಕಿ ನಾನು, "ಅಕ್ಕಾ, ನೀ ಏನಂತಿ?" ಅಂತ ಒಂದ ಸಲ ಕೇಳತಿ ಅಂತ ಎರಡು ವರ್ಷ ಕಾದೆ. ನೀ ಕೇಳಲಿಲ್ಲ. ಅವ್ವನ ಉಪಾಸ ಮುರದಾಕಿ ನಾನು.