ವಾಪಸ್ ಬರದ ಲ್ಯಾಂಪು

ನವೆಂಬರ್ ೧೪, ಗುರುವಾರ

ಹೊಟ್ಟೆಕಿಚ್ಚು ಅಂತಲೇ ಬರೀತೀನಿ. ಇಲ್ಲಿ ಯಾರಿಗೆ ಮುಚ್ಚಿಡಬೇಕು?

ನಮ್ಮ ಕಂಪನಿ ತಾನು ಮಾರಿದ ಟೇಬಲ್ ಲ್ಯಾಂಪು ಹಾಳಾದ ಮೇಲೆ ವಾಪಸ್ ತಗೊಂಡು, ಬಿಚ್ಚಿ, ಲೋಹ ಪ್ಲಾಸ್ಟಿಕ್ಕು ಮತ್ತೆ ಬಳಸುತ್ತೆ. ಇವತ್ತು ಬಂದ ರಾಶಿ ತುಂಬ ನಾನು ಡಿಸೈನ್ ಮಾಡಿದ್ದೇ. ಬಹುಮಾನ ಬಂದದ್ದೂ ಅದಕ್ಕೇ. ಎಲ್ಲ ಅಂಟು ಹಾಕಿ ಕೂರಿಸಿದ್ದು, ಬಿಚ್ಚೋಕೆ ಹೋದರೆ ಒಡೆಯುತ್ತೆ. ನನ್ನ ಜೊತೆಗೇ ಡಿಸೈನ್ ಮಾಡೋ ಅವಳ ಲ್ಯಾಂಪು ಒಂದೂ ಇಲ್ಲ! ಅಂಟು ಬೇಡ, ಸ್ಕ್ರೂನೇ ಬೇಕು ಅಂತ ಹಟ ಹಿಡಿದಿದ್ದಕ್ಕೆ ಅವಳಿಗೆ ‘ಸ್ಕ್ರೂ ಮಹಾರಾಣಿ’ ಅಂತ ಹೆಸರಿಟ್ಟವನೇ ನಾನು.

“ಅವಳದ್ದನ್ನ ಜನ ರಿಪೇರಿ ಮಾಡ್ಕೊಂಡು ಇಟ್ಕೊಂಡಿದಾರಂತೆ” ಅಂದರು ಬಾಸ್. ಮೈಯೆಲ್ಲ ಉರಿದುಹೋಯ್ತು.

ಮಧ್ಯಾಹ್ನ ರಾಶಿಯ ತಳದಲ್ಲಿ ಅವಳದೂ ಒಂದು ಸಿಕ್ತು. ನಾನು ಕುಣಿದಾಡೋದೊಂದು ಬಾಕಿ. ಅವಳ ಮೇಜಿನ ಮೇಲೇ ಕುಕ್ಕೋಣ ಅಂತ ಹೊರಟೆ. ಅಷ್ಟರಲ್ಲಿ ಏದುಸಿರು ಬಿಡ್ತಾ ಒಬ್ಬ ಅಜ್ಜಿ ಒಳಗೆ ಬಂದರು.

“ಅಯ್ಯೋ, ಅದು ನಮ್ಮದಪ್ಪಾ! ಸೊಸೆ ಗೊತ್ತಾಗದೆ ಹಳೇ ಸಾಮಾನಿನ ಜೊತೆ ಕೊಟ್ಟುಬಿಟ್ಟಿದಾಳೆ. ಸ್ವಿಚ್ಚು ನಾನೇ ಬದಲಾಯಿಸಿದೀನಿ, ನೋಡು.”

ನೋಡಿದೆ. ಸ್ವಿಚ್ಚು ಹೊಸದು, ವೈರು ಹೊಸದು. ಮುಟ್ಟಿ ಮುಟ್ಟಿ ಬಣ್ಣ ಹೋದ ಕತ್ತು ಮಾತ್ರ ಹಳೇದು. ಕೊಟ್ಟೆ.

ಅಜ್ಜಿ ಅದನ್ನ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೇಳಿದರು: “ಪುಣ್ಯಾತ್ಮ, ಇದನ್ನ ಮಾಡಿದ್ದು ನೀನೇನಾ?”

ಹೌದಜ್ಜಿ, ಅಂದುಬಿಟ್ಟೆ.

ಎರಡು ಮೇಜು ಆಚೆ ಕೂತಿದ್ದ ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. ಹಾಗೇ ಮತ್ತೆ ಕೆಲಸಕ್ಕೆ ಬಗ್ಗಿದಳು.

ಈಗ ಅವಳ ಆ ದೊಡ್ಡತನಕ್ಕೂ ಹೊಟ್ಟೆ ಉರೀತಿದೆ.