ಬಿಗಿದು ಸುತ್ತಿದ ಸುರುಳಿ

ಕೊಟ್ಟೂರು
ಫೆಬ್ರವರಿ ೨೦೦೪

ಅರ್ಚನಾ,

ನಿನ್ನ ಸುರುಳಿಯನ್ನು ಕೆಡಿಸಿದವನು ನಾನು. ಇದು ನಿನಗೆ ಗೊತ್ತು, ನಿನ್ನ ಮೇಷ್ಟ್ರಿಗೆ ಗೊತ್ತಿಲ್ಲ. ನೀನು ಹಾಸ್ಟೆಲಿಗೆ ಮರಳಿದಾಗಿನಿಂದ, ಏಕಾಂತಪ್ಪನವರ ಅಂಗಡಿಯಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತಲು ಕುಳಿತರೆ ಕೈ ನಿಂತುಬಿಡುತ್ತದೆ.

ಒಂಬತ್ತನೇ ತರಗತಿಗೇ ನಾನು ಶಾಲೆ ಬಿಟ್ಟೆ. ನೀನು ದಾವಣಗೆರೆಯಲ್ಲಿ ಎಂ.ಎಸ್ಸಿ. ಸೇರಿದೆ. ಆದರೂ ನಿನ್ನ ಪ್ರಾಜೆಕ್ಟಿನ ಬೆಳ್ಳಿಪಟ್ಟಿಯನ್ನು ಸುರುಳಿ ಸುತ್ತಿಸಲು ನನ್ನ ಹತ್ತಿರವೇ ಬಂದೆ. ವಿಪರೀತ ತಣ್ಣಗಾದರೆ ಕರೆಂಟಿಗೆ ಎಳ್ಳಷ್ಟೂ ತಡೆ ಒಡ್ಡದ ಪಟ್ಟಿ ಎಂದು ನೀನೇ ಹೇಳಿಕೊಟ್ಟೆ.

"ಜಗ್ಗಬ್ಯಾಡಲೇ ಅಂಜಿನಿ. ಮ್ಯಾಲಷ್ಟ ಬೆಳ್ಳಿ. ಒಳಗಿನ ಎಳಿ ಮಣ್ಣಿನ ಕುಡಿಕಿ ಇದ್ದಂಗ, ಎಳದ್ರ ಸೀಳತಾವ," ಎಂದು ಎಚ್ಚರಿಸಿದೆ ನೀನು.

"ನೀ ಪುಸ್ತಕ ಓದವ್ವ. ತಂತಿ ಸುದ್ದಿ ನನಗ ಬಿಡು," ಎಂದೆ ನಾನು.

ನೀನು ಚಹಾ ಕುಡಿಯಲು ಹೋದೆ. ನಮ್ಮ ಕೆಲಸದಲ್ಲಿ ಸಡಿಲ ಸುತ್ತಿದವನನ್ನು ಕಳ್ಳ ಅನ್ನುತ್ತಾರೆ. ತಾಮ್ರವನ್ನು ಬಿಗಿದಷ್ಟೂ ಮೋಟರು ಬಾಳುತ್ತದೆ. ಪಟ್ಟಿಯನ್ನೂ ಹಾಗೆಯೇ ಮೊಣಕಾಲಿಗೆ ಒತ್ತಿ ಎಳೆದೆ. ಮೂಲೆಗಳಲ್ಲಿ ಮರದ ಸುತ್ತಿಗೆಯಿಂದ ತಟ್ಟಿ ಕೂರಿಸಿದೆ. ಬಲ್ಬು ಹಚ್ಚಿ ನೋಡಿದೆ, ಉರಿಯಿತು. "ಪಾಸ್!" ಎಂದು ನಿನ್ನ ಕೈಗಿಟ್ಟೆ. ಬಲ್ಬು ಉರಿಸಿದ್ದು ಮೇಲಿನ ಬೆಳ್ಳಿ. ಒಳಗೆ ಆಗಲೇ ಬಿರುಕು.

ಸಾಮಾನು ಹಿಡಿದು ನಿನ್ನ ಜೊತೆ ದಾವಣಗೆರೆಗೆ ನಾನೂ ಬಂದೆ. ಪ್ರಯೋಗಶಾಲೆಯಲ್ಲಿ ಹೊಗೆಯಾಡುವ ದ್ರವ ಸಾರಜನಕದಲ್ಲಿ ಅದ್ದಿದಾಗ, ಹೊರಬೇಕಾದ ಕರೆಂಟಿನ ಕಾಲುಭಾಗಕ್ಕೇ ಅದು ಸೋತಿತು.

"ಯಾರಮ್ಮ ಸುತ್ತಿದ್ದು ಇದನ್ನ?" ಎಂದರು ಮೇಷ್ಟ್ರು.

"ನಾನೇ ಸರ್," ಎಂದೆ ನೀನು.

"ಇವನ್ಯಾರು?" ಎಂದು ನನ್ನ ಕಡೆ ತೋರಿಸಿದರು.

"ನಮ್ಮೂರ ಹುಡುಗ ಸರ್, ಸಾಮಾನು ಹಿಡ್ಕಂಡು ಬಂದಾನ್ರಿ."

ಊರಲ್ಲಿ ಯಾರಿಗಾದರೂ ಮುಖದ ಮೇಲೆ ಹೊಡೆದಂತೆ ಹೇಳುವ ನಾನು ನೆಲ ನೋಡಿದೆ. ನಿಜ ಬರೆಯುತ್ತೇನೆ, ಬಚಾವಾದೆ ಅನ್ನಿಸಿತು. ಅವರು ಉಳಿದ ಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. "ನಿನ್ನ ಕೈಗೆ ಇನ್ನು ಕೊಡಲ್ಲ" ಎಂದರು. ಪಟ್ಟಿಯಿಲ್ಲದೆ ನಿನ್ನ ಪ್ರಾಜೆಕ್ಟ್ ಇಲ್ಲ, ಈ ವರ್ಷ ಪದವಿಯೂ ಇಲ್ಲ. ಊರಿಗೆ ಬರುವ ಬಸ್ಸಿನಲ್ಲಿ ಹರಪನಹಳ್ಳಿ ದಾಟುವವರೆಗೂ ನೀನು ಕಿಟಕಿಯ ಕಡೆಗೇ ತಿರುಗಿದ್ದೆ. ಆಮೇಲೆ, "ಹೊಟ್ಟಿ ಹಸದೈತೇನಲೇ?" ಎಂದು ಕೇಳಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸೋಮವಾರ ಮೊದಲ ಬಸ್ಸಿಗೆ ಬಂದು ಮೇಷ್ಟ್ರಿಗೆ ಎಲ್ಲ ಹೇಳುತ್ತೇನೆ. ನೀನು ಸುಳ್ಳು ಹೇಳಿದ್ದೂ ಹೊರಬೀಳುತ್ತದೆ, ನಿನಗೂ ಬೈಗುಳ ಬೀಳಬಹುದು. ನಿನ್ನ ಬೆನ್ನ ಹಿಂದೆ ಹೇಳಬಾರದೆಂದು ಮೊದಲು ನಿನಗೇ ಬರೆದೆ, ಒಪ್ಪಿಗೆ ಕೇಳುತ್ತಿಲ್ಲ. ಅವರು ಬೀಗ ತೆಗೆದರೆ ಪಟ್ಟಿಯನ್ನು ನನಗೆ ಮುಟ್ಟಲು ಬಿಡಬೇಡ, ನೀನೇ ಸುತ್ತು. ತೆಗೆಯದಿದ್ದರೆ ಮಂಗಳವಾರವೂ ಬರುತ್ತೇನೆ.

ನಿನ್ನ ಓದು ನಿಲ್ಲದಿರಲಿ.

ಇಂತಿ,
ಸುರುಳಿ ಸುತ್ತಿದ ಅಂಜಿನಿ